ಕೋಟಿನ ಟೈಲರಿಗೆ ಮನೆಯಲ್ಲೇ ಸಿಕ್ಕ ಸುಣ್ಣ

ಕೋಟಿನ ಟೈಲರು ಗಿರಾಕಿಯನ್ನು ನಂಬುವ ಆಸಾಮಿಯಲ್ಲ. "ನನ್ನ ಹೊಟ್ಟೆ ಅಷ್ಟಿಲ್ಲ" ಅಂದವರ ಹೊಟ್ಟೆಗೆ ಇನ್ನೊಂದು ಸಲ ಟೇಪು ಸುತ್ತುವನು. ಹೆಂಡತಿಯ ಮೇಲೆ ಮಾತ್ರ ಕುರುಡು ನಂಬಿಕೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವಳು ಅಂಗೈಗೆ ಹಾಕುವಳು. ಇವನು ಬಟ್ಟೆಯ ಮೇಲಿನ ಗೀಟಿನಿಂದ ಕಣ್ಣೆತ್ತದೆ ಬಾಯಿಗೆ ಎಸೆದು ನೀರು ಕುಡಿಯುವನು.

ಈಚೆಗೆ ಆ ಗೀಟೇ ಕಣ್ಣಿಗೆ ಮಸುಕಾಗತೊಡಗಿತು. ವಕೀಲರೊಬ್ಬರ ಕೋಟಿನ ಒಂದು ತೋಳು ಗಿಡ್ಡವಾಯಿತು. ಪಕ್ಕದ ಮೆಷಿನ್ನಿನಲ್ಲಿ ಕೂತ ಭಾಮೈದ, "ವಯಸ್ಸಾಯ್ತು ಭಾವ, ಒಪ್ಕೊಳ್ಳಿ" ಅಂತ ನಕ್ಕ. ಡಾಕ್ಟರು ನಗಲಿಲ್ಲ. "ಸಕ್ಕರೆ ಹೀಗೇ ಏರಿದ್ರೆ ಕಣ್ಣು ಉಳಿಯಲ್ಲ. ಮಾತ್ರೆ ನುಂಗ್ತಿದೀಯಾ ಇಲ್ವಾ?"

"ಒಂದಿನಾನೂ ತಪ್ಪಿಸಿಲ್ಲ ಸಾರ್. ನನ್ನ ಹೆಂಡ್ತೀನೇ ಕೊಡ್ತಾಳೆ."

ಮರುದಿನ ಮಾತ್ರೆ ಬಾಯಿಗೆ ಬೀಳುವ ಹೊತ್ತಿಗೆ ಗಿರಾಕಿ ಬಂದ. ಚೌಕಾಸಿಯಲ್ಲಿ ನೀರು ಮರೆತುಹೋಯಿತು. ಮಾತ್ರೆ ನಾಲಗೆಯ ಮೇಲೆ ಕರಗಿತು. ಗೀಟು ಹಾಕುವ ಸೀಮೆಸುಣ್ಣವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದವನಿಗೆ ಆ ರುಚಿ ತಿಳಿಯದೇ? ಉಗಿದು ಅಂಗಡಿಯ ಹಿಂದಿನ ಮನೆಯೊಳಗೆ ನುಗ್ಗಿದ.

"ಏನೇ ಇದು? ಸುಣ್ಣ ತಿನ್ನಿಸ್ತಿದೀಯಾ?"

"ನನ್ನ ಕ್ಯಾಲ್ಸಿಯಂ ಮಾತ್ರೆ ರೀ. ಮೂಳೆಗೆ ಒಳ್ಳೇದೇ…" ಹೆಂಡತಿಯ ದನಿ ಇಳಿಯಿತು. "ನಿಮ್ಮದು ತಮ್ಮನಿಗೆ ಬೇಕಿತ್ತು."

ಭಾಮೈದನಿಗೆ ಕರುಳಿನ ಕ್ಯಾನ್ಸರ್ ಅಂತ ಟೈಲರಿಗೂ ಗೊತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಕ್ಯಾನ್ಸರ್ ಕಣಗಳ ಶಕ್ತಿಯ ದಾರಿ ಕಟ್ಟಿಹಾಕುತ್ತದೆ, ಅವು ತಾವಾಗಿ ಸಾಯುತ್ತವೆ ಅಂತ ಮೊಬೈಲಿನಲ್ಲಿ ಓದಿದ್ದನಂತೆ. ಗುಟ್ಟಾಗಿ ಆಸ್ಪತ್ರೆಯ ಕೀಮೋ ಸೂಜಿ ಬಿಟ್ಟು ಇದನ್ನೇ ನೆಚ್ಚಿಕೊಂಡಿದ್ದ.

"ಕೇಳಿದ್ರೆ ಕೊಡ್ತಿರಲಿಲ್ವೇನೇ?"

"ಕೇಳಿದ್ರೆ ನೀವು ಡಾಕ್ಟರ ಹತ್ರ ಓಡ್ತಿದ್ರಿ. ಅವರು ಬೇಡ ಅಂತಿದ್ರು."

ಭಾಮೈದ ಬಾಗಿಲಲ್ಲಿ ನಿಂತಿದ್ದ. ಮಸುಕು ಗೀಟು, ಗಿಡ್ಡ ತೋಳು, ಎಲ್ಲದರ ಕಾರಣ ಗೊತ್ತಿದ್ದೇ ನಕ್ಕಿದ್ದ ಅಂತ ಟೈಲರಿಗೆ ಆಗ ಹೊಳೆಯಿತು.

ಅವತ್ತೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ. ಅಲ್ಲಿನ ಡಾಕ್ಟರು ಸ್ಕ್ಯಾನ್ ನೋಡಿ ಹಣೆ ಚಚ್ಚಿಕೊಂಡರು. "ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಸತ್ತಿದ್ದು ನಿಜ ಕಣಪ್ಪ. ಮನುಷ್ಯರಲ್ಲಿ ಏನಾಗುತ್ತೆ ಅಂತ ಇನ್ನೂ ನೋಡ್ತಿದಾರೆ. ಅದನ್ನ ನಂಬ್ಕೊಂಡು ಚಿಕಿತ್ಸೆ ಬಿಡ್ತಾರಾ? ಒಳಗೆ ಗಡ್ಡೆ ಬೆಳೆದಿದೆ." ಸೂಜಿ ಮತ್ತೆ ಶುರುವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಟೈಲರು ಭಾಮೈದನನ್ನು ಕೂರಿಸಿ ತಾನು ಕಂಬಿ ಹಿಡಿದು ನಿಂತ.

"ಭಾವ, ಎರಡು ಮಾತು ಬೈದಾದ್ರೂ ಬಿಡಿ."

"ಬೈಯೋಕೆ ನಮ್ಮೋರು ಅನ್ನಿಸ್ಬೇಕಲ್ಲಪ್ಪ" ಅಂದ ಟೈಲರು, ಕಿಟಕಿಯಾಚೆ ನೋಡುತ್ತ. ಅಂಗಡಿ ಬೋರ್ಡುಗಳ ಅಕ್ಷರ ಒಂದೂ ಕೂಡಿಬರಲಿಲ್ಲ.