ನ್ಯೂಟ್ರಾನುಗಳನ್ನು ಹುಡುಕುತ್ತಿದ್ದ ಕೊಣ್ಣೂರಿನ ಗೆಳೆಯ

ಎರಡನೆಯ ಮಹಾಯುದ್ಧ ಮುಗಿದ ಆ ಮಳೆಗಾಲದಲ್ಲಿ ಕೊಣ್ಣೂರಿನ ನನ್ನ ಗೆಳೆಯ ಪುಣೆಯ ಪ್ರಯೋಗಶಾಲೆಯಿಂದ ರಜೆಗೆ ಬಂದಿದ್ದ. ನಾನು ಗೋಕಾಕದಲ್ಲಿ ಶಿಕ್ಷಕ. ಜನರ ಅಜ್ಞಾನವನ್ನು ವಿಜ್ಞಾನವೇ ಕಳೆಯುವುದೆಂದು ಹುಕ್ಕೇರಿಯಿಂದ ಮೂಡಲಗಿಯವರೆಗೆ ಭಾಷಣ ಮಾಡುತ್ತಿದ್ದೆ. ಆ ಭಾಷಣಗಳಲ್ಲಿ ನಾನು ಹೆಮ್ಮೆಯಿಂದ ಕೊಡುತ್ತಿದ್ದ ಉದಾಹರಣೆ ಅವನೇ. ಪರಮಾಣುವಿನ ಬೀಜದಲ್ಲಿ ನ್ಯೂಟ್ರಾನುಗಳು ಹೇಗೆ ಹರಡಿವೆ ಎಂಬುದು ಅವನ ಪ್ರಶ್ನೆ. ಪ್ರೋಟಾನುಗಳು ತಮ್ಮ ವಿದ್ಯುತ್ತಿನಿಂದ ಸುಳಿವು ಕೊಡುತ್ತವೆ. ನ್ಯೂಟ್ರಾನಿಗೆ ಆ ಗುಣವಿಲ್ಲ. ಆದ್ದರಿಂದ ಬೀಜಕ್ಕೆ ಕಣಗಳನ್ನು ಹೊಡೆದು, ಸಿಡಿದು ಬಂದದ್ದರಿಂದ ಒಳಗಿನದನ್ನು ಊಹಿಸಬೇಕು.

ಪರಮಾಣು ಬಾಂಬಿಗೆ ಜಪಾನಿನ ನಗರಗಳು ಸುಟ್ಟುಹೋದ ಸುದ್ದಿ ಬಂದಾಗ, ಧಾನ್ಯದ ವ್ಯಾಪಾರಿಯಾಗಿದ್ದ ಅವನ ತಂದೆ, ವ್ರತನಿಷ್ಠ ಜೈನರು, ಮಗನನ್ನು ಮರಳಿ ಕಳಿಸುವುದಿಲ್ಲವೆಂದರು. ಅವರೊಡನೆ ವಾದಿಸಲು ನಾನು ಅಂಗಡಿಗೆ ಹೋದೆ.

“ಕಾಕಾ, ಚೀಲ ಬಿಚ್ಚದನ ಕಬ್ಬಿಣದ ಕೊಳವಿ ಚುಚ್ಚಿ ಜೋಳ ನೋಡ್ತೀರಲ್ರಿ? ಇವನೂ ಹಂಗ ನೋಡಾಕತ್ತಾನ್ರಿ.”

“ನಮ್ಮ ಚೀಲ ಚುಚ್ಚಿದ್ರ ನಾಕು ಕಾಳ ಉದುರತಾವು, ಮಾಸ್ತರ್ರ. ಇವರ ಚೀಲ ಚುಚ್ಚಿದ್ರ ಊರಿಗೂರ ಹೋಗತೈತಿ!”

ತಿಳಿಯಬಯಸುವವರು ಬೇರೆ, ಬಾಂಬು ಮಾಡುವವರು ಬೇರೆ ಎಂಬುದನ್ನು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಕ್ರಮದಲ್ಲಿಯೇ ಬಿಡಿಸಿ ಹೇಳಿದೆ. ಮುದುಕರು ತಕ್ಕಡಿಯಲ್ಲಿದ್ದ ಕಾಳನ್ನು ಚೀಲಕ್ಕೆ ಸುರಿದು, “ಪರ್ವ ಮುಗದ ಮ್ಯಾಲೆ ಹೋಗಲಿ ಬಿಡ್ರಿ,” ಎಂದರು.

ದಶಲಕ್ಷಣ ಪರ್ವ ಮುಗಿದ ಬಳಿಕ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಕೊಟ್ಟ ನೋವಿಗೆ ಕ್ಷಮೆ ಕೇಳುತ್ತಾರೆ. ಆ ದಿನ ನಾನೂ ಅವನೊಡನೆ ಓಣಿ ಸುತ್ತಿದೆ. ಕೈಮುಗಿದು ನಿಂತ ಅವನನ್ನು ನೋಡಿ ನೆರೆಮನೆಯ ಅಜ್ಜಿ ನಕ್ಕಳು: “ನಿಂಗ್ಯಾಕಪಾ ಕ್ಷಮಾ? ಊರಾಗ ಇದ್ರಲ್ಲ ತಪ್ಪು ಮಾಡಾಕ!”

ಅವನು ನಗಲಿಲ್ಲ. ಓಣಿಯ ಕೊನೆಯಲ್ಲಿ ನಿಂತು ನನಗೆ ಹೇಳಿದ: “ಇಲ್ಲೆ ಎಲ್ಲಾರನ್ನೂ ಕೇಳಿದ್ನಿ. ಖರೆ ಕೇಳಬೇಕಾದವರ ಮನಿನ ಉಳದಿಲ್ಲಲ್ಲೋ.”

“ನೀ ಏನ್ ಮಾಡೀಯೋ? ನೀ ಬರೇ ಬೀಜದ ಅಳತಿ ತಗದಿ.”

“ಬಾಂಬ್ ಮಾಡಿದವರೂ ಮೊದಲ ಅಳತೀನ ತಗದಿದ್ರು.”

ಹೊರಡಬೇಕಾದ ಮುಂಜಾನೆ ಟಾಂಗಾ ಬಾಗಿಲಿಗೆ ಬಂತು. ತಂದೆಯೇ ಪೆಟ್ಟಿಗೆಯನ್ನು ತಂದು ಅದರಲ್ಲಿಟ್ಟರು. “ಲಗೂನ ಹತ್ರಿ ಸಾಹೇಬ್ರ, ಗಾಡಿ ತಪ್ಪತೈತಿ,” ಎಂದು ಟಾಂಗಾದವನು ಅವಸರಪಡಿಸಿದ. ಗೆಳೆಯ ಪೆಟ್ಟಿಗೆಯನ್ನು ಕೆಳಗಿಳಿಸಿಕೊಂಡು ಒಳಗೆ ಹೋದ. ತಂದೆ ತಡೆಯಲಿಲ್ಲ, ಹಿಗ್ಗಲೂ ಇಲ್ಲ. ಒದ್ದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನ್ನಲ್ಲಿ ವಾದಗಳು ಇನ್ನೂ ಉಳಿದಿದ್ದವು. ಆದರೆ ನನ್ನ ಎದುರು ವಾದಿಸುವವರು ಯಾರೂ ಇರಲಿಲ್ಲ.

ಅವನು ಪುಣೆಗೆ ಮರಳಲಿಲ್ಲ. ಅವನ ನ್ಯೂಟ್ರಾನಿನ ಪ್ರಶ್ನೆಗೆ ಮುಂದೆ ಬೇರೆ ಯಾರೋ ಉತ್ತರ ಕಂಡುಕೊಂಡಿರಬೇಕು. ಅವನೆದುರು ನಾನು ಆ ಮಾತು ಎತ್ತಲಿಲ್ಲ.