ಎತ್ತು ಹೂಡದ ದಿನ

ಕಳೆದ ವಾರ ನಮ್ಮ ಅವ್ವನ ತಲೆ ಕೆಟ್ಟಿದೆಯೆಂದು ಸೋಮವಾರ ತೀರ್ಮಾನವಾಯಿತು. ಬುಧವಾರ ಅದೇ ತಲೆ ನೆಟ್ಟಗಿದೆಯೆಂದು ತೀರ್ಮಾನವಾಯಿತು. ನಡುವೆ ಯಾರೂ ಯಾವ ಔಷಧವನ್ನೂ ಕೊಟ್ಟಿರಲಿಲ್ಲ.

ಹೇಗೆ ಎನ್ನುತ್ತೀರಾ? ಹೇಳುತ್ತೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲವಾದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ.

ನಾನು ನರಗುಂದದಲ್ಲಿ ಮಾಸ್ತರ. ಅವ್ವ ಇರುವುದು ರಾಜೂರಿನಲ್ಲಿ, ನಮ್ಮ ಅಣ್ಣನ ಸಂಸಾರದ ಜೊತೆ. ಅವಳಿಗೆ ಚಳಿಜ್ವರ ಬಂತೆಂದು ಅಣ್ಣ ಹೇಳಿಕಳಿಸಿದ. ರೋಣದಲ್ಲಿ ಬಸ್ಸು ಬದಲಿಸಿ ನಾನು ಹೋಗಿ ಮುಟ್ಟುವಷ್ಟರಲ್ಲಿ ಜ್ವರ ಇಳಿದಿತ್ತು. ಆದರೆ ಜ್ವರದ ಭರದಲ್ಲಿ ಅವ್ವ ಗೋಡೆಯ ಜೊತೆ ಮಾತಾಡಿದ್ದಳಂತೆ. ಎಂದೋ ಸತ್ತ ತನ್ನ ತಂಗಿಯನ್ನು ಕರೆದು, ಕಾಲು ತೊಳೆದುಕೊಂಡು ಒಳಗೆ ಬಾ ಎಂದಿದ್ದಳಂತೆ. ಈಗ ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ. ಜೋಳದ ರೊಟ್ಟಿ ಮುಂದಿಟ್ಟರೆ ನೋಡುತ್ತ ಕೂಡುತ್ತಾಳೆ.

ನನಗೆ ಹೆದರಿಕೆಯಾಯಿತು. ಗಜೇಂದ್ರಗಡದ ದವಾಖಾನೆಗೆ ಒಯ್ಯೋಣ, ಗಾಡಿ ಕಟ್ಟು ಎಂದೆ. ಅಣ್ಣ ಕಟ್ಟಲಿಲ್ಲ. ಅಂದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ.

ನಾನು ಸುಮ್ಮನಿರುತ್ತೇನೆಯೇ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. (ಇದನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಧಾರವಾಡದ ಪುಕ್ಕಟೆ ಬೋರ್ಡಿಂಗಿನ ನೀರುಸಾರು ಉಂಡು ಬಿ.ಎ. ಮಾಡಿದವನಿಗೆ ಅಷ್ಟು ಹಕ್ಕಿದೆ.) ಅಂಗಳದಲ್ಲಿ ನಿಂತು ಮೂಢನಂಬಿಕೆಯ ಮೇಲೆ ಒಂದು ಭಾಷಣವನ್ನೇ ಬಿಗಿದೆ. ಜೀವ ದೊಡ್ಡದೋ ಎತ್ತು ದೊಡ್ಡದೋ ಎಂದು ಕೇಳಿದೆ. ಅಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಇವತ್ತ ಎತ್ತ ಹೂಡಂಗಿಲ್ಲ" ಎಂದ. ಕಡೆಗೆ ಗಜೇಂದ್ರಗಡದಿಂದ ಟಾಂಗಾ ತರಿಸಿದ್ದಾಯಿತು. ದಾರಿಯುದ್ದಕ್ಕೂ ನಾನು ಎತ್ತುಗಳನ್ನೂ ಆ ವಾರವನ್ನೂ ಬೈಯುತ್ತಲೇ ಇದ್ದೆ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ನೆನಪಿನಲ್ಲಿ ಅದು ದವಾಖಾನೆಯ ಹೊಸ್ತಿಲವರೆಗೂ ಉಳಿಯಲಿಲ್ಲ.

ಡಾಕ್ಟರರು ಸೊಲ್ಲಾಪುರದ ಕಡೆಯವರು. ಗಜೇಂದ್ರಗಡಕ್ಕೆ ಬಂದು ಬಹಳ ದಿನವಾಗಿಲ್ಲ. ಒಳ್ಳೆಯ ಮನುಷ್ಯ. ನಾನು ಪದವೀಧರನೆಂದು ತಿಳಿದ ಕೂಡಲೇ ಕುರ್ಚಿ ಹಾಕಿಸಿದರು, ಇಂಗ್ಲಿಷಿನಲ್ಲಿ ಮಾತಿಗಿಳಿದರು. ನಾನೂ ಇಳಿದೆ. ಅವ್ವ ಬೆಂಚಿನ ಮೇಲೆ ಕೂತು ನಮ್ಮಿಬ್ಬರ ಬಾಯಿಯನ್ನು ನೋಡುತ್ತಿದ್ದಳು.

ತಲೆ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಕೆಲವು ಸಣ್ಣ ಪ್ರಶ್ನೆ ಕೇಳುತ್ತೇನೆ ಎಂದರು ಡಾಕ್ಟರರು. ಅವ್ವನತ್ತ ತಿರುಗಿ ತಮ್ಮ ಹರಕು ಕನ್ನಡದಲ್ಲಿ ಶುರುಮಾಡಿದರು. ನಿಮ್ಮ ಹೆಸರು? ಗಂಗವ್ವ ಎಂದಳು. ಯಾವ ಊರು? ರಾಜೂರ. ಮಕ್ಕಳು? ಇಬ್ಬರು ಉಳಿದಿದ್ದಾರೆ, ಒಬ್ಬ ಇವನೇ ಎಂದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಯಜಮಾನರ ಹೆಸರು?

ಅವ್ವ ಸೆರಗು ಸರಿಮಾಡಿಕೊಂಡಳು. ನೆಲ ನೋಡಿದಳು.

ಡಾಕ್ಟರರು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಕೇಳಿದರು. ಅವ್ವ ನೆಲ ನೋಡುತ್ತಲೇ ಇದ್ದಳು. ಅವರು ನನ್ನ ಕಡೆ ಒಂದು ನೋಟ ಎಸೆದು ಮುಂದಿನ ಪ್ರಶ್ನೆಗೆ ಹೋದರು. ಇವತ್ತು ಯಾವ ವಾರ?

"ಎತ್ತ ಹೂಡದ ದಿನಾರಿ."

ಡಾಕ್ಟರರ ಹುಬ್ಬು ಮೇಲೆದ್ದಿತು. ನಾನು ವಾರ ಕೇಳಿದೆ, ಎತ್ತಿನ ಸುದ್ದಿ ಅಲ್ಲ ಎಂದರು. ಅವ್ವ ಒಂದು ಕ್ಷಣ ಯೋಚಿಸಿದಳು.

"ನಿನ್ನಿ ರವಿವಾರ ಇತ್ತರಿ. ನಾಳಿ ಮಂಗಳವಾರ ಬರತೈತಿ."

"ನಡುವಿನದು?"

ಅವ್ವ ನನ್ನ ಕಡೆ ನೋಡಿದಳು, ನೀನಾದರೂ ಹೇಳಬಾರದೇ ಎಂಬಂತೆ. ನನ್ನ ಕಣ್ಣಲ್ಲಿ ನೀರು ಬಂತು. ತಾಯಿಯ ನೆನಪಿನಿಂದ ಒಂದು ಇಡೀ ದಿನ ಜಾರಿಬಿದ್ದಿದೆ! ಜ್ವರಕ್ಕೆ ಸಿಕ್ಕಿ ಗಂಡನ ಹೆಸರೂ ಸುಟ್ಟುಹೋಗಿದೆ! ಡಾಕ್ಟರರು ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ, ತಡಮಾಡಬೇಡಿ ಎಂದರು. ಧಾರವಾಡಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ತೋರಿಸಿ. ಬುಧವಾರ ಬನ್ನಿ, ಚೀಟಿ ಬರೆದುಕೊಡುತ್ತೇನೆ.

ಧಾರವಾಡ ಎಂಬ ಶಬ್ದದ ಬಗ್ಗೆ ಇಲ್ಲಿ ಎರಡು ಮಾತು. ನಮ್ಮ ಊರುಗಳಲ್ಲಿ ಹುಡುಗನೊಬ್ಬನನ್ನು ಧಾರವಾಡಕ್ಕೆ ಕಳಿಸಿದ್ದಾರೆ ಎಂದರೆ ಕಾಲೇಜಿಗೆ ಎಂದರ್ಥ. ವಯಸ್ಸಾದವರನ್ನು ಧಾರವಾಡಕ್ಕೆ ಕಳಿಸಿದ್ದಾರೆ ಎಂದರೆ ಹುಚ್ಚಿನ ಆಸ್ಪತ್ರೆಗೆ, ಬಿಡಿಸಿ ಯಾರೂ ಕೇಳುವುದಿಲ್ಲ. ಊರು ಒಂದೇ, ಹೋಗುವ ಬಸ್ಸೂ ಒಂದೇ. ಯಾರು ಹತ್ತಿದರು ಎಂಬುದನ್ನು ನೋಡಿ ನಮ್ಮ ತಲೆ ತಾನೇ ಅರ್ಥ ಆರಿಸಿಕೊಳ್ಳುತ್ತದೆ.

ಎಷ್ಟು ಚುರುಕಾದ ಯಂತ್ರ ನೋಡಿ! ನರಗುಂದದ ಪೇಟೆಯಲ್ಲಿ ಹತ್ತಿ ಎಂದರೆ ಬಿಳಿ ಅರಳೆ ಕಣ್ಣ ಮುಂದೆ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು, ಲಗೂ ಹತ್ತಿ ಕೂಡ್ರಿ ಎಂದರೆ ಯಾರೂ ಅರಳೆ ಹುಡುಕುವುದಿಲ್ಲ. ತಲೆಯೊಳಗೆ ಒಂದೇ ಶಬ್ದಕ್ಕೆ ಎರಡು ಗೂಡಿವೆಯೋ, ಒಂದೇ ಗೂಡಿನಲ್ಲಿ ಎರಡೂ ಅರ್ಥ ಮುದುಡಿಕೊಂಡು ಮಲಗಿವೆಯೋ, ಯಾರಿಗೆ ಗೊತ್ತು? ಕರೆದಾಗ ಸರಿಯಾದದ್ದೇ ಎದ್ದು ಬರುತ್ತದೆ. ಇನ್ನೊಂದು ಮಗ್ಗುಲು ಬದಲಿಸಿ ಮಲಗುತ್ತದೆ. ಇದಕ್ಕೆ ಬಿ.ಎ. ಬೇಕಿಲ್ಲ. (ಬಿ.ಎ. ಆದರೆ ತುಸು ತಡವಾಗಬಹುದೆಂದು ಈಗ ಅನಿಸುತ್ತಿದೆ.)

ಟಾಂಗಾ ರಾಜೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಸ್ಸು ನಿಲ್ಲುವಲ್ಲಿ ಚಾದಂಗಡಿ ಇಟ್ಟಿರುವ ಫಕೀರಪ್ಪ ಕೈಯಲ್ಲಿ ಕೆಟಲು ಹಿಡಿದುಕೊಂಡೇ ರಸ್ತೆಗೆ ಬಂದು ಅವ್ವನನ್ನು ಕನಿಕರದಿಂದ ನೋಡಿದ. ಅದರ ಹಿಂದಿನ ವಾರದವರೆಗೂ ಅವಳ ಜೊತೆ ಜಗಳವಾಡುತ್ತಿದ್ದ ಮನುಷ್ಯ. ಅಣ್ಣನಿಗೆ ನಾನು ಡಾಕ್ಟರರ ತೀರ್ಮಾನವನ್ನಷ್ಟೇ ಹೇಳಿದೆ, ಪ್ರಶ್ನೋತ್ತರ ಹೇಳಲಿಲ್ಲ. ಇಬ್ಬರು ಪದವೀಧರರು ಕೂತು ನಡೆಸಿದ ಪರೀಕ್ಷೆಯನ್ನು ಅವನಿಗೇನು ಬಿಡಿಸಿ ಹೇಳುವುದು? ಹೇಳಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ.

ಸಂಜೆ ಅವ್ವ ಎಮ್ಮೆ ಹಿಂಡಿದಳು. ಬಂದು ನನ್ನ ಹತ್ತಿರ ಕೂತಳು. ಅವಳಿಗೆ ಎಲ್ಲ ತಿಳಿದಿತ್ತು.

"ಅಲ್ಲೆ ಹೋದವರು ತಿರುಗಿ ಬರ್ತಾರೇನಪಾ?"

ನಾ ಹೋಗಿ ಬಂದಿಲ್ಲೇನವ್ವಾ ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ನೀ ಪೂರಾ ಬಂದೀಯೇನು?"

ತಲೆ ಕೆಟ್ಟವರ ಮಾತಿಗೆ ಉತ್ತರ ಕೊಡಬಾರದೆಂದು ಕೇಳಿದ್ದೆ. ಕೊಡಲಿಲ್ಲ. ಅವಳು ಎದ್ದು ಹೋಗಿ ಒಂದು ಸೀರೆ, ಒಂದು ಕಂಬಳಿ, ಒಂದು ವಿಭೂತಿ ಗಟ್ಟಿ ಇಷ್ಟನ್ನು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಗುರುವಾರದ ಬಸ್ಸಿಗೆ ಈಗಲೇ ತಯಾರಿ. ಆ ಗಂಟನ್ನು ನೋಡಿ ಅಣ್ಣ ಊಟ ಬಿಟ್ಟು ಎದ್ದ.

ಮಂಗಳವಾರ ಸಂಜೆಯ ಬಸ್ಸಿಗೆ ನನ್ನ ಹೆಂಡತಿ ಶಾಂತವ್ವ ನರಗುಂದದಿಂದ ಬಂದಳು. ಅವಳು ಓದಿದ್ದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೂ ಇಲ್ಲ. ಗಂಟು ನೋಡಿದಳು, ಅತ್ತೆಯ ಮುಖ ನೋಡಿದಳು, ನನ್ನನ್ನು ಹಿತ್ತಲಿಗೆ ಕರೆದಳು. ಡಾಕ್ಟರರು ಏನೇನು ಕೇಳಿದರು, ಅತ್ತೆ ಏನೇನು ಹೇಳಿದರು, ಒಂದೂ ಬಿಡದೆ ಹೇಳಿ ಎಂದಳು. ನಾನು ಹೇಳಿದೆ, ಎತ್ತಿನ ಜಗಳ, ಟಾಂಗಾ ಎಲ್ಲ ಸೇರಿಸಿ.

ಶಾಂತವ್ವ ತಿರುಗಿ ಕೇಳಿದಳು:

"ಅಲ್ರೀ, ಮಾವನವರ ಹೆಸರೇನು?"

"ಸೋಮಪ್ಪ. ಯಾಕ?"

"ನೀವು ದವಾಖಾನಿಗೆ ಹೋದದ್ದು ಯಾವ ವಾರ?"

"ಸೋಮ..." ಎಂದೆ. ಅಲ್ಲಿಗೇ ನಿಂತೆ.

ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಅವ್ವನ ಬಾಯಲ್ಲಿ ಆ ವಾರ ಬಂದದ್ದಿಲ್ಲ. ಗಂಡನ ಹೆಸರು ಹೇಳಬಾರದು. ಆ ಹೆಸರು ಹೊತ್ತ ವಾರವನ್ನೂ ಹೇಳಬಾರದು. ನೆರೆಮನೆಯ ಸೋಮ್ಯಾನನ್ನು ಅವಳು ಕರೆಯುತ್ತಿದ್ದುದು "ಏ ನಮ್ಮ ಹುಡುಗಾ" ಎಂದು. ಸೋಮೇಶ್ವರನ ಗುಡಿ ಅವಳಿಗೆ ಬರೀ "ಕೆರಿ ದಂಡಿ ಗುಡಿ". ಅಪ್ಪ ತೀರಿಕೊಂಡು ವರ್ಷಗಳೇ ಆದವು. ಅವನು ಹೋದರೂ ಹೆಸರಿನ ಕಾವಲು ಹೋಗಲಿಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ರಾಜೂರಿನ ಅಂಗಳದಲ್ಲಿ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ದವಾಖಾನೆಯಲ್ಲಿ ಟೇಬಲ್ ಇತ್ತು, ಕುರ್ಚಿ ಇತ್ತು, ಇಂಗ್ಲಿಷ್ ಇತ್ತು. ಆ ಕುರ್ಚಿಯಲ್ಲಿ ಕೂತವನ ತಲೆಯಲ್ಲಿ ಸೋಮವಾರಕ್ಕೆ ಒಂದೇ ಅರ್ಥ: ಸ್ಕೂಲು ಶುರುವಾಗುವ ದಿನ.

"ಎತ್ತ ಹೂಡದ ದಿನ ಅಂದ್ರ ತಿಳೀಲಿಲ್ಲೇನ್ರಿ ನಿಮಗ?" ಎಂದಳು ಶಾಂತವ್ವ. "ಮುಂಜಾನಿಂದ ಅದಕ್ಕ ಬಡದಾಡಿ ಟಾಂಗಾ ತಂದವರು ನೀವ."

ನಾನೂ ನೆಲ ನೋಡಿದೆ.

ಬುಧವಾರ ನಾನು ಕೇಳುವ ಮೊದಲೇ ಅಣ್ಣ ಗಾಡಿ ಕಟ್ಟಿದ. ಶಾಂತವ್ವನೂ ಹತ್ತಿ ಕೂತಳು. ಡಾಕ್ಟರರು ಚೀಟಿ ಬರೆದಿಟ್ಟಿರಲಿಲ್ಲ, ಇನ್ನೊಮ್ಮೆ ನೋಡಿಯೇ ಬರೆಯುತ್ತೇನೆ ಎಂದರು. ಇವತ್ತು ಯಾವ ವಾರ ಎಂದು ಕೇಳಿದರು. ಅವ್ವ ಥಟ್ಟನೆ ಬುಧವಾರ ಎಂದಳು. ಎರಡೇ ದಿನದಲ್ಲಿ ಸುಧಾರಣೆಯಾಗಿದೆ ಎಂದು ಡಾಕ್ಟರರಿಗೆ ಸಂತೋಷ. ಯಜಮಾನರ ಹೆಸರು? ಮತ್ತೆ ನೆಲ.

ನಾನು ಬಾಯಿ ತೆರೆದೆ. ನಮ್ಮಲ್ಲಿ ಹೀಗೊಂದು ರೂಢಿಯಿದೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಡಾಕ್ಟರರು ಕೈ ಎತ್ತಿ ತಡೆದರು. ಮಗ ತಾಯಿಯ ಪರವಾಗಿ ನೆವ ಹೇಳುವುದು ಅವರಿಗೆ ಹೊಸದಲ್ಲ. ರೋಗಿ ತಾನೇ ಹೇಳಬೇಕು, ಇಲ್ಲದಿದ್ದರೆ ಚೀಟಿ ಬರೆಯಲೇಬೇಕಾಗುತ್ತದೆ ಎಂದರು. ಪೆನ್ನಿನ ಮುಚ್ಚಳ ತೆಗೆದರು.

ಆಗ ಶಾಂತವ್ವ ಬೆಂಚಿನ ಹತ್ತಿರ ಹೋಗಿ ಕೂತಳು.

"ಅತ್ತಿ, ಒಡಪ ಹಾಕಿ ಹೇಳ್ರಿ."

ಓದುಗರಲ್ಲಿ ಯಾರಾದರೂ ದೂರದವರಿದ್ದರೆ ಅವರಿಗಾಗಿ ಹೇಳುತ್ತೇನೆ. ಬರೀ ಹೆಸರು ಹೇಳಬಾರದು, ಆದರೆ ಮದುವೆ ಮನೆಯಲ್ಲಿ ನಾಲ್ಕು ಜನ ಮುತ್ತೈದೆಯರು ಸುತ್ತುಗಟ್ಟಿ ಕಾಡಿದಾಗ, ಪ್ರಾಸದ ಒಂದು ಸಣ್ಣ ಪದ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಕೂಡಿಸಿ ಹೇಳಬಹುದು. ಅದೇ ಒಡಪು. ಅವ್ವ ತಲೆ ಅಲ್ಲಾಡಿಸಿದಳು.

"ನಾ ಹ್ಯಾಂಗ ಹೇಳಲೇ ಯವ್ವಾ. ನಾ ಈಗ ಆ ಸಾಲಿನಾಗ ಕೂಡಾಕಿ ಅಲ್ಲ."

"ಇದು ಮದುವಿ ಮನಿ ಅಲ್ಲರಿ, ದವಾಖಾನಿ. ಇಲ್ಲೆ ಯಾರು ಏನಂತಾರ?"

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎಲ್ಲೋ ದೂರ ನೋಡಿದಳು. ಅಪ್ಪ ಹೋದ ಮೇಲೆ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಆದರೂ ಹುಡುಕಬೇಕಾಗಲಿಲ್ಲ, ತಡವರಿಸಲಿಲ್ಲ.

"ಕರಿ ಎರಿ ಹೊಲದಾಗ ಬಿಳಿಜ್ವಾಳದ ತೆನಿ,
ಸೋಮಪ್ಪನವರು ಇದ್ದಲ್ಲೇ ನನ್ನ ಮನಿ."

ಹೇಳಿ ಮುಖ ಮುಚ್ಚಿಕೊಂಡಳು. ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನ್ನ ಇಂಗ್ಲಿಷು ಎಲ್ಲಿಗೋ ಹೋಯಿತು.

ಡಾಕ್ಟರರು ನನ್ನ ಕಡೆ ಬಾಗಿ, ಈಗ ಹಾಡಲಿಕ್ಕೂ ಹತ್ತಿದರಲ್ಲ ಎಂದು ಪಿಸುಗುಟ್ಟಿದರು.

ತಲೆ ಸರಿಯಿದೆ ಎಂಬುದಕ್ಕೆ ಸಾಕ್ಷಿ ಕೊಟ್ಟರೆ ಅದೇ ತಲೆ ಕೆಟ್ಟಿದ್ದಕ್ಕೆ ಸಾಕ್ಷಿಯಾಗುತ್ತದೆ! ನಾನು ಹೆಂಡತಿಯ ಕಡೆ ಕೈಮಾಡಿ, ಅವಳನ್ನು ಕೇಳಿ ನೋಡಿ ಎಂದೆ. ಇವಳಿಗೆ ಜ್ವರವೂ ಬಂದಿಲ್ಲ. ಡಾಕ್ಟರರು ನಗುತ್ತ ಕೇಳಿದರು: ಬಾಯಿಯವರೇ, ನಿಮ್ಮ ಯಜಮಾನರ ಹೆಸರು ಹೇಳಿ.

ಶಾಂತವ್ವ ಸೆರಗು ಸರಿಮಾಡಿಕೊಂಡಳು. ನೆಲ ನೋಡಿದಳು. (ನನ್ನ ಹೆಸರು ಈ ಅಂಕಣದ ತಲೆಯ ಮೇಲೆ ವಾರ ವಾರ ಅಚ್ಚಾಗುತ್ತದೆ. ಅವಳು ಅದರ ಮೇಲೆ ಬೆರಳಿಟ್ಟು ನೆರೆಯವರಿಗೆ ತೋರಿಸುತ್ತಾಳೆ, ಓದುವುದಿಲ್ಲ.)

ಬೆಂಚಿನ ಮೇಲೆ ಎರಡು ತಲೆ, ಎರಡೂ ಬಗ್ಗಿವೆ. ಡಾಕ್ಟರರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಅವರ ನಗು ನಿಂತಿತು. ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಕನ್ನಡವೂ ಅಲ್ಲದ ಮರಾಠಿಯೂ ಅಲ್ಲದ ಭಾಷೆಯಲ್ಲಿ, ತಮ್ಮಷ್ಟಕ್ಕೆ ಎಂಬಂತೆ, ತಮ್ಮ ತಾಯಿ ಇವತ್ತಿಗೂ ತಂದೆಯ ಹೆಸರು ಹೇಳುವುದಿಲ್ಲ ಎಂದರು. ಅವರ ಊರಲ್ಲೂ ಮದುವೆಯಲ್ಲಿ ಹೀಗೇ ಪ್ರಾಸ ಹಾಕುತ್ತಾರಂತೆ. ಉಖಾಣೆ ಅನ್ನುತ್ತಾರಂತೆ.

ನೀವು ಇದೇ ಊರಿನವರು, ನಿಮಗೆ ಹೊಳೆಯಲಿಲ್ಲವೇ ಎಂದು ನನ್ನನ್ನು ಕೇಳಿದರು. ನಿಮಗೆ? ಎಂದೆ ನಾನು. ಈಗ ನೆಲ ನೋಡುವ ಸರದಿ ನಮ್ಮಿಬ್ಬರದು.

ಗಾಡಿಯಲ್ಲಿ ಮರಳಿ ಬರುವಾಗ ಲೆಕ್ಕ ಹಾಕಿದೆ. ಸೋಮವಾರ ಎಂಬ ಶಬ್ದ ಕಿವಿಗೆ ಬಿದ್ದರೆ ಅವ್ವನ ತಲೆಯಲ್ಲಿ ಎರಡೂ ಅರ್ಥ ಒಟ್ಟಿಗೇ ಏಳುತ್ತವೆ, ದಿನವೂ ಗಂಡನೂ. ಒಂದನ್ನು ನಾಲಿಗೆಯ ತುದಿಯಲ್ಲಿ ತಡೆದು, ಇನ್ನೊಂದಕ್ಕೆ ಬಳಸುದಾರಿ ಹುಡುಕಿ, ಕೇಳಿದವನಿಗೆ ತಿಳಿಯುವಂತೆ ಹೇಳಬೇಕು. ಅದೂ ಉಸಿರು ಬಿಡುವಷ್ಟರಲ್ಲಿ. ಮದುವೆಯಾದ ದಿನದಿಂದ ಅವಳು ಮಾಡುತ್ತಿರುವುದು ಇದನ್ನೇ. ಜ್ವರ ಬಂದರೂ ಬಿಟ್ಟಿಲ್ಲ. ನಾನೂ ಡಾಕ್ಟರರೂ ಒಂದೊಂದೇ ಅರ್ಥ ಇಟ್ಟುಕೊಂಡು ಪದವಿ ಪಡೆದೆವು.

ರಾಜೂರಿನ ಬಸ್ಸು ನಿಲ್ಲುವಲ್ಲಿ ಫಕೀರಪ್ಪ ಅಂಗಡಿಯಿಂದಲೇ ಕೂಗಿ ಕೇಳಿದ, ಏನು ಗಂಗವ್ವಾ, ಧಾರವಾಡಕ್ಕೆ ಹೋಗಲಿಲ್ಲವೇ ಎಂದು. ಅವ್ವ ಗಾಡಿ ನಿಲ್ಲಿಸು ಎಂದಳು. ಅವನಿಗೂ ಅಲ್ಲಿ ಕೂತಿದ್ದ ಎಲ್ಲರಿಗೂ ಕೇಳುವಂತೆ, ಸಾವಕಾಶವಾಗಿ, ಉತ್ತರ ಕೊಟ್ಟಳು:

"ನಾ ಯಾಕ ಹೋಗಲೋ? ಹೋದಾವ ನನ್ನ ಮಗಾ. ಈಗ ಹಗೂರಕ ಆರಾಮ ಆಗಾಕತ್ತಾನ."