ಪುಟ್ಟಸ್ವಾಮಿಗೆ ಚಂದ್ರಂಕಿ ಕೊಟ್ಟವನು

ದೆವ್ವ, ಪವಾಡ ಎಂದವರನ್ನು ನಾನು ನಕ್ಕು ಕಳಿಸುತ್ತಿದ್ದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವನಿಗೆ ದೆವ್ವಕ್ಕೆ ಹೆದರಲು ಪುರುಸೊತ್ತೆಲ್ಲಿ? ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ನಮ್ಮದು ಅಕ್ಕೂರು ಕಡೆ, ರೇಷ್ಮೆ ಸಾಕಣೆ. ಹುಳು ಹಣ್ಣಾಗಿ ನೂಲು ಬಿಡಲು ಸಿದ್ಧವಾದ ದಿನವೇ ಅದನ್ನು ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡಬೇಕು. ತಟ್ಟಿ ಸಾಲದಿದ್ದರೆ ಪಕ್ಕದವರು ಕೊಡುತ್ತಾರೆ. ಹಗೆಯವನಿಗೂ ಇಲ್ಲ ಎನ್ನುವ ಪದ್ಧತಿಯಿಲ್ಲ. ಪಕ್ಕದ ಮನೆಯ ಪುಟ್ಟಸ್ವಾಮಿ ಒಮ್ಮೆ ನನಗೆ ಇಲ್ಲ ಎಂದ. ಅವನ ಚಂದ್ರಂಕಿಗಳು ಗೋಡೆಗೊರಗಿ ಖಾಲಿ ನಿಂತಿದ್ದವು. ನನ್ನ ಹುಳುಗಳು ನೆಲದ ಮೇಲೇ ನೂಲು ಕಕ್ಕಿ ಸತ್ತವು. ಹೆಂಡತಿ ಅಳುತ್ತಾ ಅವನ್ನು ಗುಡಿಸಿದಳು.

ಎರಡು ವರ್ಷ ಕಾದೆ. ಅವನ ಅರ್ಧ ಚಂದ್ರಂಕಿಗಳಿಗೆ ಗೆದ್ದಲು ಹಿಡಿಯಿತು. ಅವನ ಹುಳು ಹಣ್ಣಾಗುವ ವಾರ ನೋಡಿಕೊಂಡೇ ಗುವಾಹಟಿಗೆ ರೈಲು ಟಿಕೆಟ್ ತೆಗೆಸಿದೆ. ನಮ್ಮ ತಟ್ಟಿಗಳನ್ನೆಲ್ಲ ಕೋಣೆಗೆ ತುಂಬಿ, ಬೀಗ ಜಡಿದು, ಇದ್ದ ಒಂದೇ ಕೀ ಜೇಬಿಗಿಟ್ಟು ಹೆಂಡತಿಯೊಂದಿಗೆ ದೇಶ ನೋಡಲು ಹೊರಟೆ.

ಗೋದಾವರಿ ಸೇತುವೆ ಬಂದಾಗ ಬೋಗಿಯವರು ನದಿಗೆ ಕೈ ಮುಗಿದರು, ನಾನು ಜೇಬು ಮುಟ್ಟಿಕೊಂಡೆ. ಚಿಲಿಕಾ ಸರೋವರ, ಬಂಗಾಳದಲ್ಲಿ ಮನೆಗೊಂದು ಕೊಳ, ಸಾಸಿವೆ ಎಣ್ಣೆ ಘಾಟಿನ ಮಂಡಕ್ಕಿ, ಎಲ್ಲವೂ ಹಾದುಹೋದವು.

"ಅತ್ಲಾಗ್ ನೋಡಿ ಅಂದ್ರೆ ಜೇಬ್ ತಡಕ್ತೀರಲ್ಲ! ಇಡೀ ದೇಸ ಓಯ್ತಾ ಐತೆ" ಎಂದಳು ಹೆಂಡತಿ.

ಮೂರನೆಯ ಮಧ್ಯಾಹ್ನ, ಕಿಟಕಿಯಾಚೆ ಅಸ್ಸಾಮಿನ ಚಹಾ ತೋಟ. ಹಂಗಿಸಲೆಂದೇ ಫೋನ್ ಮಾಡಿದೆ.

"ಏನ್ಲಾ ಪುಟ್ಟ, ಹುಳ ಹಣ್ಣಾದ್ವಾ?"

"ಆದ್ವು ಕಣಣ್ಣ. ನೀನ್ ಬರ್ದೆ ಇದ್ದಿದ್ರೆ ಎಲ್ಲಾ ಓಗ್ಬುಡ್ತಿತ್ತು."

"ನಾನೆಲ್ಲಿ ಬಂದ್ನೋ?"

"ತಮಾಸೆ ಮಾಡ್ಬ್ಯಾಡ. ಬೆಳಗ್ಗೆ ನೀನೇ ಬಾಗ್ಲು ತೆಗ್ದು ಒಂದೊಂದೇ ಎತ್ಕೊಟ್ಯಲ್ಲ. ಮಖ ಗಂಟಾಕ್ಕೊಂಡಿದ್ದೆ, ಮಾತೇ ಆಡ್ಲಿಲ್ಲ. ನಿನ್ ಕಾಲ್ಗೆ ಬಿದ್ದು ತಪ್ಪಾಯ್ತು ಅಂದ್ನಲ್ಲಣ್ಣ, ಒಸಿ ಕೋಪ ಬುಡು."

ಕೀ ಜೇಬಿನಲ್ಲೇ ಇತ್ತು. ಅವನು ಕಾಲಿಗೆ ಬೀಳುವುದನ್ನು ನೋಡಲು ಎರಡು ವರ್ಷ ಕಾದವನು ನಾನು; ನೋಡಿದವನು ಯಾರೋ.

ಊರಿಗೆ ಬಂದಾಗ ಬೀಗ ಹಾಕಿದಂತೆಯೇ ಇತ್ತು, ಬಾಗಿಲ ಕೀಲೂ ಅಲುಗಿದ ಗುರುತಿರಲಿಲ್ಲ. ಕೋಣೆ ಮಾತ್ರ ಖಾಲಿ. ನನ್ನ ಹೆಸರು ಬರೆದ ಚಂದ್ರಂಕಿಗಳು ಅವನ ಮನೆಯಲ್ಲಿ ಹಳದಿ ಗೂಡು ತುಂಬಿಕೊಂಡು ನಿಂತಿದ್ದವು.

ಪುಟ್ಟಸ್ವಾಮಿಯನ್ನು ನಾನಿನ್ನೂ ಕ್ಷಮಿಸಿಲ್ಲ. ಮುಂದಿನ ವಾರ ಅವನ ಹುಳು ಮತ್ತೆ ಹಣ್ಣಾಗುತ್ತವೆ. ಈ ಸಲ ಊರಲ್ಲೇ ಇರುತ್ತೇನೆ, ಕೊಡಬಾರದು ಎಂದೇ ಇದ್ದೇನೆ. ಆದರೆ ಅದು ನನ್ನೊಬ್ಬನ ತೀರ್ಮಾನವೇ ಎಂಬುದು ಗೊತ್ತಾಗುತ್ತಿಲ್ಲ.